ಹಳಿ ಖಾಲಿ ಕಂಡ್ರೆ ಬಿಟ್ಟುಹೋದ ಹಳಿ ಅಲ್ಲ

ಈ ಸಲ ಅಡಿಗೆ ಪಡಿಗೆ ಏನೂ ಇಲ್ಲ ಕಣ್ರಮ್ಮ. ರೈಲು ಹಳಿ ಬಗ್ಗೆ ಬರೀತಾ ಇದೀನಿ. ಬೂದಿಗೆರೆಗೆ ರೈಲೇ ಇಲ್ಲ, ಇವಳಿಗ್ಯಾಕೆ ರೈಲಿನ ಉಸಾಬರಿ ಅಂತ ನಗಬೇಡಿ. ನಿಮ್ಮ ಮನೇಲಿ ಹದಿನಾರರಿಂದ ಇಪ್ಪತ್ತೆರಡರ ಒಳಗಿನ ಗಂಡು ಹುಡುಗ ಇದ್ರೆ, ಅವ್ನ ಕೈಲಿ ಒಂದು ಸ್ಪ್ಯಾನರು, ಒಂದು ಫೋನು ಇದ್ರೆ, ಇದು ನಿಮ್ಮ ಮನೆ ವಿಷಯಾನೇ.

ನಮ್ಮಕ್ಕನ ಮಗ ಐಟಿಐ ಓದ್ತಾವ್ನೆ. ಅವ್ನು ಒಂದು ವಿಡಿಯೋ ತೋರಿಸ್ದ. ಪರದೇಶದಲ್ಲಿ ಯಾರೋ ಒಬ್ಬ, ಎಲೆಕ್ಟ್ರಿಕ್ ಸೈಕಲ್ಲಿನ ಮೋಟ್ರು, ಬ್ಯಾಟ್ರಿ ತಗೊಂಡು ನಾಕು ಚಕ್ರದ ಹಲಗೆ ಬಂಡಿಗೆ ಕಟ್ಟವ್ನೆ. ಅದನ್ನ ರೈಲು ನಿಂತುಹೋದ ಹಳಿ ಮೇಲೆ ಇಟ್ಟು ಕೂತ್ಕೊಂಡು ಹೋಗ್ತಾವ್ನೆ. ಎರಡೂ ಕಡೆ ಕಾಡು, ಹಳಿ ಮಧ್ಯೆ ಹುಲ್ಲು ಬೆಳೆದೈತೆ, ಸದ್ದಿಲ್ಲ, ಹೊಗೆ ಇಲ್ಲ. ನೋಡೋಕೆ ಬಲು ಚೆಂದ. ಸುಳ್ಳು ಯಾಕೆ ಹೇಳ್ಲಿ, ನನಗೂ ಒಂದು ಸಲ ಕೂರಬೇಕು ಅನ್ನಿಸ್ತು.

ಹುಡುಗ ನೋಡಿ ಸುಮ್ನಿರ್ಲಿಲ್ಲ. ಕೆಟ್ಟುನಿಂತ ಎಲೆಕ್ಟ್ರಿಕ್ ಸೈಕಲ್ ಒಂದನ್ನ ಗುಜರಿಯಿಂದ ತಂದ. ಹೊಸಕೋಟೆಲಿ ಲೇತ್ ಅಂಗಡಿಯೋರ ಹತ್ರ ಕಬ್ಬಿಣದ ಚಕ್ರ ಕೊರೆಸ್ದ. ರೈಲು ಚಕ್ರಕ್ಕೆ ಒಳಗಡೆ ಒಂದು ಅಂಚು ಇರ್ತೈತೆ, ಚಕ್ರ ಹಳಿಯಿಂದ ಜಾರದಂಗೆ ಹಿಡಿಯೋದು ಅದೇ, ಅದನ್ನೂ ಮಾಡಿಸ್ದ. ಇನ್ನೇನು ಅರ್ಧ ಬಂಡಿ ನಿಂತೈತೆ, ಅಕ್ಕನ ಮನೆ ಹಟ್ಟಿಲಿ, ಹಸು ಕಟ್ಟೋ ಜಾಗದ ಪಕ್ಕ. ದೇವನಹಳ್ಳಿ ದಾಟಿ ಆವತಿ ಕಡೆ ಹಳಿ ಇಡೀ ದಿನ ಖಾಲಿ ಬಿದ್ದಿರ್ತೈತೆ, ಅಲ್ಲಿ ಓಡಿಸ್ತೀನಿ ಚಿಕ್ಕಮ್ಮ ಅಂತಾನೆ.

ಮನೇಲಿ ಎರಡು ಮಾತು ಎದ್ದೈತೆ. ಅಕ್ಕ ಸುತ್ತಿಗೆ ತಗೊಂಡು ಒಡೆದು ಗುಜರಿಗೆ ಹಾಕು ಅಂತಾಳೆ. ಭಾವ ಗಂಡು ಹುಡುಗ್ರು ಹಿಂಗೇ ಕಲಿಯೋದು ಬಿಡೇ ಅಂತಾರೆ. ನನಗೆ ಇವರಿಬ್ಬರ ಮಾತೂ ಒಪ್ಪಿಗೆ ಇಲ್ಲ. ಬಂಡಿ ಒಡೆಯೋದು ತಪ್ಪು. ಆ ಹಳಿ ಮೇಲೆ ಇಡೋದಂತೂ ಸುತರಾಂ ಕೂಡದು.

ಮೊದ್ಲು ಬಂಡಿ ಪರ ಒಂದು ಮಾತು. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಉರುಳೋಕೆ ಬಲ ಬಲು ಕಮ್ಮಿ ಬೇಕು. ಟಾರು ರೋಡಲ್ಲಿ ರಬ್ಬರ್ ಟೈರು ತಿನ್ನೋ ಶಕ್ತಿಯಲ್ಲಿ ಒಂದು ಪಾಲು ಸಾಕು. ಅದಕ್ಕೇ ನಮ್ಮ ದೇಶದಲ್ಲಿ ಲೈಸೆನ್ಸು, ನೋಂದಣಿ ಬೇಡ ಅನ್ನೋ ಎಲೆಕ್ಟ್ರಿಕ್ ಸೈಕಲ್ಲಿನ 250 ವ್ಯಾಟ್ ಮೋಟ್ರು, ಅಂದ್ರೆ ಮಿಕ್ಸಿಗಿಂತ ಚಿಕ್ಕದು, ಹಳಿ ಮೇಲೆ ಇಬ್ಬರು ಮೂವರನ್ನ ಆರಾಮಾಗಿ ಎಳೀತೈತೆ. ಇದನ್ನ ಹುಡುಗ ಪುಸ್ತಕ ಓದಿ ಬಾಯಿಪಾಠ ಮಾಡ್ಲಿಲ್ಲ, ಕೈಯಾರ ಮಾಡಿ ತಿಳ್ಕೊಂಡ. ಆದ್ರೆ ಅದೇ ಗುಣಕ್ಕೆ ಇನ್ನೊಂದು ಮುಖ ಐತೆ. ಉರುಳೋಕೆ ಸಲೀಸಾದದ್ದು ನಿಲ್ಲೋಕೂ ಸಲೀಸಾಗಿ ಒಪ್ಪಲ್ಲ. ಬೆಳಗ್ಗೆ ಇಬ್ಬನಿ ಬಿದ್ದಿದ್ರೆ ಬ್ರೇಕ್ ಹಿಡಿದ್ರೂ ಚಕ್ರ ಜಾರ್ತಾ ಹೋಗ್ತೈತೆ. ವಿಡಿಯೋದಲ್ಲಿ ಹೋಗೋದು ತೋರಿಸ್ತಾರೆ, ನಿಲ್ಲೋದನ್ನ ಎಷ್ಟು ಜನ ತೋರಿಸ್ತಾರೆ?

ಇನ್ನೊಂದು ತಮಾಷೆ. ಆ ವಿಡಿಯೋದ ಅಳತೆ ನಮ್ಮ ಹಳಿಗೆ ಕೂರಲ್ಲ. ಅವರ ದೇಶದ ಹಳಿ ಅಗಲ 4 ಅಡಿ ಎಂಟೂವರೆ ಇಂಚು. ನಮ್ಮ ರೈಲಿನದು ಐದೂವರೆ ಅಡಿ. ಬೆಂಗಳೂರಿನ ಮೆಟ್ರೋ ಹಳಿ ಮಾತ್ರ ಅವರ ಅಳತೇದು. ಹುಡುಗಂಗೆ ಇದನ್ನ ಹೇಳಿದ್ದಕ್ಕೆ ಒಂದು ದಿನ ಮಂಕಾಗಿದ್ದ, ಆಮೇಲೆ ಅಚ್ಚು ಉದ್ದ ಮಾಡಿಸ್ದ.

ಈಗ ನಿಜವಾದ ಮಾತಿಗೆ ಬರ್ತೀನಿ. ನಮ್ಮ ಸೀಮೆಲಿ ಬಿಟ್ಟುಹೋದ ಹಳಿ ಅಂತ ಎಲ್ಲೈತೆ? ಒಂದು ಕಾಲಕ್ಕೆ ಇದ್ದದ್ದು ಚಿಕ್ಕ ರೈಲು. 1915ರಲ್ಲಿ ಬೆಂಗಳೂರಿಂದ ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಹಳಿ ಹಾಕಿದ್ರು. ವಿಶ್ವೇಶ್ವರಯ್ಯನೋರು ಮೈಸೂರಿನ ದಿವಾನರಾಗಿದ್ದ ಕಾಲ ಅದು. ಆ ಕಡೆ ಕೋಲಾರ, ಬಂಗಾರಪೇಟೆ ತನಕ ಇದೇ ಅಗಲದ ಚಿಕ್ಕ ರೈಲೇ. ನಮ್ಮತ್ತೆಯೋರು ಬೂದಿಗೆರೆಯಿಂದ ದೇವನಹಳ್ಳಿ ತನಕ ಗಾಡಿ ಕಟ್ಕೊಂಡು ಹೋಗಿ, ಅಲ್ಲಿಂದ ಆ ರೈಲು ಹತ್ತಿ ಶಿವರಾತ್ರಿಗೆ ನಂದಿ ಜಾತ್ರೆಗೆ ಹೋಗ್ತಿದ್ರಂತೆ. ನಿಧಾನ ಅಂದ್ರೆ ನಿಧಾನ, ಇಳಿದು ಹುಣಸೆಕಾಯಿ ಕಿತ್ಕೊಂಡು ಮತ್ತೆ ಹತ್ತಬೋದಿತ್ತು ಅಂತ ಹೇಳೋರು. ಅತ್ತೆಯೋರ ಮಾತಲ್ಲಿ ವಸಿ ಉಪ್ಪು ಖಾರ ಜಾಸ್ತಿ, ಆದ್ರೂ ಇರ್ಲಿ.

ಆ ಚಿಕ್ಕ ಹಳಿಯನ್ನ 1990ರ ದಶಕದಲ್ಲಿ ಕಿತ್ತು ದೊಡ್ಡ ಹಳಿ ಹಾಕೋ ಕೆಲಸ ಶುರು ಆಯ್ತು. ಯಲಹಂಕದಿಂದ ಚಿಕ್ಕಬಳ್ಳಾಪುರದ ತನಕ ಆಯ್ತು. ಚಿಕ್ಕಬಳ್ಳಾಪುರದಿಂದ ಕೋಲಾರದ ಕಡೆ ಮಾತ್ರ ವರ್ಷಾನುಗಟ್ಟಲೆ ರೈಲೇ ಇರ್ಲಿಲ್ಲ, ಅಲ್ಲಿಗೆ ದೊಡ್ಡ ರೈಲು ಬಂದಿದ್ದು 2013ರಲ್ಲಿ. ಬಿಟ್ಟುಹೋದ ದಾರಿ ಅಂತ ಯಾವತ್ತಾದ್ರೂ ಇದ್ರೆ ಅದು ಆವಾಗ ಇತ್ತು. ಈಗ ಇಲ್ಲ. ಚಿಕ್ಕ ಹಳಿ ಎದ್ದುಹೋಗೈತೆ, ದೊಡ್ಡ ಹಳಿ ಜೀವಂತ ಐತೆ. ಜೊತೆಗೆ ಮೇಲೆ 25,000 ವೋಲ್ಟಿನ ತಂತಿ ಎಳೆದು ಕರೆಂಟು ರೈಲು ಓಡಿಸ್ತಾವ್ರೆ. ಹಳೇದಾಗಿ ಉಳಿದಿರೋದು ಸ್ಟೇಷನ್ ಕಟ್ಟಡಗಳು ಅಷ್ಟೇ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಈ ನಾಕನ್ನೂ ಉಳಿಸೋ ಕೆಲಸಕ್ಕೆ ಇಂಟ್ಯಾಕ್ ಸಂಸ್ಥೆಯೋರು ಕೈಹಾಕವ್ರೆ. ಹೆಂಚಿನ ಮಾಡು, ಕಲ್ಲಿನ ಗೋಡೆ. ಅದನ್ನ ನೋಡಿ ಹುಡುಗ್ರು ಎಲ್ಲಾನೂ ಪಾಳು ಅಂದ್ಕೊಂಡ್ರೆ ಆಶ್ಚರ್ಯ ಇಲ್ಲ.

ನಮ್ಮ ಇನ್ನೊಂದು ಮಗ್ಗುಲಿಗೆ ವೈಟ್‌ಫೀಲ್ಡ್ ಸ್ಟೇಷನ್ನಿನ ಹಳಿ ಐತಲ್ಲ, ಕಾಡುಗೋಡೀಲಿ, ಅಲ್ಲಿ ಬಂಡಿ ಇಡೋ ಯೋಚ್ನೆ ಯಾವ ಹುಡುಗಂಗೂ ಬರಲ್ಲ. ಯಾಕಂದ್ರೆ ಒಂದು ಹೋಯ್ತು ಅನ್ನೋದ್ರೊಳಗೆ ಇನ್ನೊಂದು ಬರ್ತೈತೆ. ಭಯ ತಾನಾಗೇ ಇರ್ತೈತೆ. ದೇವನಹಳ್ಳಿ ಹಳಿ ಹಂಗಲ್ಲ. ದಿನಕ್ಕೆ ಬೆರಳೆಣಿಕೆ ಪ್ಯಾಸೆಂಜರ್ ರೈಲು. ಮಿಕ್ಕಿದ ಹೊತ್ತು ಕುರಿ ಮೇಯ್ತಾ ಇರ್ತವೆ, ಬಟ್ಟೆ ಒಣಗ್ತಾ ಇರ್ತವೆ. ನನ್ನ ಲೆಕ್ಕದಲ್ಲಿ ಕಾಡುಗೋಡಿ ಹಳಿಗಿಂತ ಈ ಹಳಿನೇ ಜಾಸ್ತಿ ಅಪಾಯ. ಟೈಂಟೇಬಲ್ ನೋಡ್ಕೊಂಡು ಹೋಗ್ತೀನಿ ಅಂತಾನೆ ಹುಡುಗ. ಟೈಂಟೇಬಲ್ಲಿನಲ್ಲಿ ಇರೋದು ನಾವು ಹತ್ತೋ ರೈಲು ಮಾತ್ರ ಕಣಪ್ಪ. ಗೂಡ್ಸು, ಜಲ್ಲಿ ತರೋ ಗಾಡಿ, ತಂತಿ ರಿಪೇರಿ ಗಾಡಿ, ಒಂಟಿ ಇಂಜಿನ್ನು, ಇವು ಯಾವುವೂ ನಿನ್ನ ಫೋನಿಗೆ ಹೇಳಿ ಬರಲ್ಲ.

ಅವ್ನ ಜೊತೆ ಕೂತು ಒಂದು ಲೆಕ್ಕ ಹಾಕ್ದೆ, ನೀವೂ ನಿಮ್ಮ ಹುಡುಗ್ರ ಜೊತೆ ಹಾಕಿ. ಗಂಟೆಗೆ 60 ಕಿಲೋಮೀಟರ್ ಓಡೋ ರೈಲು ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್ ಬರ್ತೈತೆ. ಬಂಡಿ 20ರಲ್ಲಿ ಎದುರಿಗೆ ಹೋಗ್ತಾ ಐತೆ ಅನ್ಕೊಳ್ಳಿ, ಎರಡೂ ಸೇರಿ ಸೆಕೆಂಡಿಗೆ 22 ಮೀಟರ್. ತಿರುವಲ್ಲಿ 300 ಮೀಟರ್ ದೂರದಲ್ಲಿ ರೈಲು ಕಂಡ್ರೆ ಕೈಲಿ ಇರೋದು ಹದಿಮೂರು ಹದಿನಾಲ್ಕು ಸೆಕೆಂಡು. ಅಷ್ಟ್ರೊಳಗೆ ಕಂಡಿದ್ದು ರೈಲು ಅಂತ ತಲೆಗೆ ಹತ್ತಬೇಕು, ಬ್ರೇಕ್ ಹಿಡೀಬೇಕು, ಬಂಡಿ ನಿಲ್ಲಬೇಕು, ಇಬ್ಬರು ಇಳೀಬೇಕು, ಬ್ಯಾಟ್ರಿ ಸಮೇತ ಒಂದು ಮೂಟೆ ಅಕ್ಕಿಗಿಂತ ಭಾರದ ಕಬ್ಬಿಣಾನ ಜಲ್ಲಿ ಮೇಲೆ ಕಾಲಿಟ್ಟು ಎತ್ತಿ ಆಚೆ ಹಾಕಬೇಕು. ಒಲೆ ಮೇಲೆ ಹಾಲು ಉಕ್ಕೋದನ್ನ ಹಜಾರದಿಂದ ನೋಡಿ ಎದ್ದು ಓಡಿದೋರಿಗೆ ಗೊತ್ತು ಹದಿಮೂರು ಸೆಕೆಂಡು ಎಷ್ಟು ಅಂತ. ಎತ್ತೋದು ಬಿಟ್ಟು ಓಡಿಹೋದ ಅನ್ನಿ, ಬಂಡಿ ಹಳಿ ಮೇಲೇ ಇರ್ತೈತೆ, ರೈಲಿನಲ್ಲಿರೋ ಜನರ ಕಥೆ? ಡ್ರೈವರು ಬ್ರೇಕ್ ಹಾಕಿದ್ರೂ ರೈಲು ನಿಲ್ಲೋದು ನೂರಾರು ಮೀಟರ್ ಆಚೆಗೆ. ಕರೆಂಟು ರೈಲು ಹಳೇ ಡೀಸಲ್ ಗಾಡಿಯಂಗೆ ದೂರದಿಂದ ಗುಡುಗ್ತಾನೂ ಬರಲ್ಲ.

ಅಪ್ಪಂದಿರ ಕಿವಿಗೆ ಹಾಕಬೇಕಾದ್ದು ಇನ್ನೊಂದೈತೆ. ರೈಲ್ವೇ ಜಾಗದೊಳಗೆ ಅಪ್ಪಣೆ ಇಲ್ದೆ ಹೋದ್ರೆ 1989ರ ರೈಲ್ವೇ ಕಾಯಿದೆಯ 147ನೇ ಕಲಂನಲ್ಲಿ ಆರು ತಿಂಗಳ ತನಕ ಜೈಲು, ಇಲ್ಲ ಸಾವಿರ ರೂಪಾಯಿ ತನಕ ದಂಡ, ಇಲ್ಲ ಎರಡೂ. ಗೊತ್ತಿದ್ದೂ ಪ್ರಯಾಣಿಕರ ಜೀವಕ್ಕೆ ಅಪಾಯ ತರೋ ಕೆಲಸ ಅಂತ ಆದ್ರೆ 153ನೇ ಕಲಂ, ಐದು ವರ್ಷದ ತನಕ. ಹಳಿ ಪಕ್ಕ ಬಿದ್ದಿರೋ ಬೋಲ್ಟು, ತುಂಡು ಹಳಿ ಬಂಡಿಗೆ ಬೇಕು ಅಂತ ಎತ್ಕೊಂಡು ಬಂದ್ರೆ ಅದಕ್ಕೆ ಬೇರೆ ಕಾಯಿದೆ, 1966ರದು, ಅದರಲ್ಲೂ ಐದು ವರ್ಷದ ತನಕ ಐತೆ. ತುಕ್ಕು ಹಿಡಿದೈತೆ, ಯಾರಿಗೂ ಬೇಡ ಅನ್ನೋ ಮಾತು ನಡೆಯಲ್ಲ.

ಹಂಗಾದ್ರೆ ರೈಲ್ವೇಯೋರೇ ಟ್ರಾಲಿ ತಳ್ಕೊಂಡು ಹೋಗ್ತಾರಲ್ಲ ಚಿಕ್ಕಮ್ಮ ಅಂದ. ಒಳ್ಳೇ ಪ್ರಶ್ನೆ. ನೀವೂ ನೋಡಿರ್ತೀರ, ಸಾಹೇಬರು ಕೊಡೆ ಕೆಳಗೆ ಕೂತಿರ್ತಾರೆ, ಇಬ್ಬರು ಹಳಿ ಮೇಲೆ ಓಡ್ತಾ ತಳ್ತಾರೆ, ಆಮೇಲೆ ಹಾರಿ ಕೂರ್ತಾರೆ. ನೋಡೋಕೆ ಆಟ ಇದ್ದಂಗೆ. ಆದ್ರೆ ಆ ಟ್ರಾಲಿ ಹೊರಡೋದು ಸ್ಟೇಷನ್ ಮಾಸ್ಟ್ರಿಗೆ ತಿಳಿಸಿ. ಅದರಲ್ಲಿ ಕೆಂಪು, ಹಸಿರು ಬಾವುಟ ಇರ್ತೈತೆ, ಎತ್ತಿ ಕೆಳಗಿಡೋಕೆ ಬೇಕಾದಷ್ಟು ಆಳು ಇರಲೇಬೇಕು. ಇನ್ನೊಂದು ಸೂಕ್ಷ್ಮ ಐತೆ. ಎಷ್ಟೋ ಕಡೆ ಹಳಿಯಲ್ಲೇ ಸಣ್ಣ ಕರೆಂಟು ಹರಿಸಿರ್ತಾರೆ. ಕಬ್ಬಿಣದ ಅಚ್ಚು ಎರಡು ಹಳಿಗೂ ತಾಗಿದ್ರೆ ಅಲ್ಲಿ ರೈಲು ನಿಂತೈತೆ ಅಂತ ಲೆಕ್ಕ, ಸಿಗ್ನಲ್ಲು ಕೆಂಪಾಗ್ತೈತೆ. ಅದಕ್ಕೇ ಅಂಥ ಕಡೆ ರೈಲ್ವೇ ಟ್ರಾಲಿಯ ಚಕ್ರದ ನಡುವೆ ಕರೆಂಟು ಹರೀದಂಗೆ ತಡೆ ಕೊಟ್ಟಿರ್ತಾರೆ. ನಮ್ಮ ಹುಡುಗನ ಬಂಡಿಗೆ ತಡೆ ಇಲ್ದಿದ್ರೆ ದೂರದಲ್ಲೆಲ್ಲೋ ಒಂದು ರೈಲು ಕಾರಣ ಗೊತ್ತಿಲ್ದೆ ನಿಲ್ತೈತೆ, ಅದರಲ್ಲಿ ಯಾರ ಮನೆ ಬಸುರಿ ಹೆಂಗಸು ಕೂತಿರ್ತಾಳೋ. ತಡೆ ಇದ್ರೆ ಸಿಗ್ನಲ್ಲಿನ ಕಣ್ಣಿಗೆ ಅವ್ನು ಬೀಳೋದೇ ಇಲ್ಲ.

ಬೇರೆ ದೇಶದೋರ ಕಥೆನೂ ಒಂಚೂರು ನೋಡಿ. ಕಾಂಬೋಡಿಯಾದಲ್ಲಿ ಯುದ್ಧ ಮುಗಿದ ಮೇಲೆ ರೈಲು ಅಪರೂಪ ಆಯ್ತು. ಬಟ್ಟಂಬಾಂಗ್ ಸುತ್ತಿನ ಹಳ್ಳಿ ಜನ ಬಿದಿರಿನ ತಟ್ಟಿ, ಎರಡು ಅಚ್ಚು, ಒಂದು ಚಿಕ್ಕ ಇಂಜಿನ್ನು ಇಟ್ಟು ಬಂಡಿ ಮಾಡ್ಕೊಂಡ್ರು, ನೋರಿ ಅಂತ ಕರೀತಾರೆ. ಭತ್ತ, ಹಂದಿ, ಬಾಣಂತಿ ಎಲ್ಲಾ ಅದರಲ್ಲೇ. ಎದುರುಬದುರು ಎರಡು ಬಂದ್ರೆ ಕಮ್ಮಿ ಹೊರೆ ಇದ್ದೋರು ಇಳಿದು, ಬಂಡಿ ಬಿಚ್ಚಿ ಪಕ್ಕಕ್ಕಿಟ್ಟು ದಾರಿ ಬಿಡೋದು ಅವರ ಪದ್ಧತಿ. ಮನಿಲಾದಲ್ಲಿ ಬಡವರು ಓಡೋ ರೈಲಿನ ಹಳಿ ಮೇಲೇ ಮರದ ಬಂಡಿ ತಳ್ತಾ ಜನರನ್ನ ಕೂರಿಸ್ಕೊಂಡು ಚಿಲ್ಲರೆ ಕಾಸು ದುಡೀತಿದ್ರು, ರೈಲು ಬಂತು ಅಂದ್ರೆ ಎತ್ಕೊಂಡು ಓಡಬೇಕಿತ್ತು. ಅವರದ್ದು ಹೊಟ್ಟೆಪಾಡು, ಅದನ್ನ ಆಡ್ಕೊಳ್ಳೋಕೆ ನನಗೆ ಬಾಯಿ ಬರಲ್ಲ. ದಕ್ಷಿಣ ಕೊರಿಯಾದೋರು ಮಾತ್ರ ಬುದ್ಧಿವಂತಿಕೆ ಮಾಡಿದ್ರು. ಜಂಗ್‌ಸನ್ ಅನ್ನೋ ಕಲ್ಲಿದ್ದಲಿನ ಸೀಮೆಲಿ ರೈಲು ನಿಂತುಹೋದ 7.2 ಕಿಲೋಮೀಟರ್ ಹಳಿ ಮೇಲೆ 2005ರಿಂದ ತುಳಿಯೋ ಬಂಡಿ ಬಿಟ್ರು. ಎಲ್ಲಾ ಬಂಡಿನೂ ಒಂದೇ ದಿಕ್ಕಿಗೆ, ಹೊತ್ತು ನೋಡಿ ಬಿಡ್ತಾರೆ. ಎದುರಿಗೆ ಏನೂ ಬರೋ ಹಂಗೇ ಇಲ್ಲ. ಹಳಿ ನಿಜವಾಗ್ಲೂ ಸತ್ತೈತೆ ಅಂತ ರೈಲಿನೋರೇ ಬರೆದುಕೊಟ್ಟ ಮೇಲೆ ಆಗಿರೋ ಕೆಲಸ ಅದು.

ಚಿಕ್ಕ ಗಾಡಿನ ದೊಡ್ಡ ಹಳಿ ಮೇಲೆ ಬಿಡೋದು ನಮ್ಮೋರಿಗೂ ಹೊಸದಲ್ಲ. ಸಾಗರದ ಕಡೆ ಹೆಣ್ಣು ಕೊಟ್ಟೋರು ನೋಡಿರ್ತೀರ, ಶಿವಮೊಗ್ಗ ತಾಳಗುಪ್ಪದ ನಡುವೆ ಬಸ್ಸಿನಂಥ ಒಂದೇ ಡಬ್ಬಿಯ ರೈಲು ಬಸ್ಸು ಓಡ್ತಿತ್ತು. ಬಂಗಾರಪೇಟೆ ಕೋಲಾರದ ನಡುವೇನೂ ಓಡ್ತು. ಜನ ಕಮ್ಮಿ ಇರೋ ದಾರಿಗೆ ಅಷ್ಟು ಸಾಕು ಅಂತ ಸರ್ಕಾರಕ್ಕೇ ಒಂದು ಕಾಲಕ್ಕೆ ಅನ್ನಿಸಿತ್ತು.

ಇಲ್ಲಿ ನನಗೆ ಸಿಟ್ಟು ಬರೋದು ಹುಡುಗನ ಮೇಲಲ್ಲ. ಆ ಹಳಿ ಅವ್ನ ಕಣ್ಣಿಗೆ ಪಾಳು ಬಿದ್ದಂಗೆ ಯಾಕೆ ಕಾಣ್ತು? ನಮ್ಮ ಮನೆಯೋರು ಯಾರೂ ಅದರಲ್ಲಿ ಹೋಗಿಲ್ಲ, ಅದಕ್ಕೆ. ವಿಮಾನ ನಿಲ್ದಾಣದ ಹತ್ರ 2021ರ ಜನವರಿಲಿ ಹಾಲ್ಟ್ ಸ್ಟೇಷನ್ ಮಾಡಿದ್ರು. ಬೂದಿಗೆರೆ ಸುತ್ತಿನ ಎಷ್ಟು ಜನ ಹೆಣ್ಣುಮಕ್ಕಳು ಆ ಏರ್ಪೋರ್ಟಿಗೆ ಕಸ ಗುಡಿಸೋಕೆ, ಅಡಿಗೆಗೆ ಹೋಗ್ತಾರೆ ನಿಮಗೇ ಗೊತ್ತು. ಅವರ ಪಾಳಿ ಬಿಡೋ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ನಮಗೆ ಬಸ್ಸಿಗೆ ಕಾಸೂ ಇಲ್ಲ. ಇನ್ನು ರೈಲು ಯಾರಿಗೆ ನೆನಪಾಗ್ತೈತೆ? ಬೆಂಗಳೂರಿಂದ ದೇವನಹಳ್ಳಿಗೆ ಸಬರ್ಬನ್ ರೈಲು ಅಂತ ಹೇಳಿ ಸಂಪಿಗೆ ಅಂತ ಹೆಸರಿಟ್ಟವ್ರೆ. ಮಿಕ್ಕ ದಾರಿಗಳು ಮಲ್ಲಿಗೆ, ಪಾರಿಜಾತ, ಕನಕ. 2022ರಲ್ಲಿ ಆ ಯೋಜನೆಗೆ ಅಡಿಗಲ್ಲೂ ಆಯ್ತು. ಹೂವು ಬೆಳೆಯೋರಿಗೆ ಹೂವಿನ ಹೆಸರಿಂದ ಸಮಾಧಾನ ಆಗಲ್ಲ ಕಣ್ರಮ್ಮ, ನಮ್ಮ ಕಡೆ ಸಂಪಿಗೆ ಇನ್ನೂ ಮೊಗ್ಗೂ ಕಂಡಿಲ್ಲ. ಗಂಟೆಗೊಂದು ರೈಲು ಬಂದು, ಅದರಲ್ಲಿ ಅವ್ನ ಅವ್ವನೇ ಕೂತು ಹೋಗಿದ್ರೆ ಯಾವ ಹುಡುಗಾನೂ ಆ ಹಳಿನ ಆಟದ ಬಯಲು ಅನ್ಕೊಳ್ಳಲ್ಲ. ಗ್ರಾಮಸಭೇಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಬೇಕು ಅನ್ನೋದು ನನ್ನ ವಾದ. ಪಂಚಾಯ್ತಿಗೆ ರೈಲಿನ ಅಧಿಕಾರ ಇಲ್ಲ ಅಂತಾರೆ, ನನಗೂ ಗೊತ್ತು. ನಿರ್ಣಯ ಬರೆದು ಎಂಪಿ ಆಫೀಸಿಗೆ, ರೈಲ್ವೇಗೆ ಕಳಿಸೋಕೆ ಅಧಿಕಾರ ಬೇಡ, ಪೆನ್ನು ಸಾಕು. ಪಾಳಿಯ ಹೊತ್ತು ಬರೆದು, ಇಷ್ಟು ಜನ ಹೋಗ್ತೀವಿ ಅಂತ ಸೈನು ಹಾಕಿ ಕೊಡೋಣ.

ಸರಿ, ಹಟ್ಟೀಲಿ ನಿಂತಿರೋ ಬಂಡಿ ಕಥೆ ಏನು?

ಹಾಲೆಂಡ್ ದೇಶದ ಹೂವಿನ ಪಾಲಿಹೌಸುಗಳಲ್ಲಿ ನೆಲದ ಮೇಲೆ ಸಾಲಿಗೆರಡು ಪೈಪು ಹಾಕಿರ್ತಾರೆ. ಚಳಿಗೆ ಬಿಸಿನೀರು ಹರಿಸೋಕೆ ಇರೋ ಪೈಪು ಅವು, ಅವನ್ನೇ ಹಳಿ ಮಾಡ್ಕೊಂಡು ಸಣ್ಣ ಬ್ಯಾಟ್ರಿ ಬಂಡಿ ಓಡಿಸ್ತಾರೆ. ಕೊಯ್ದ ಹೂವು, ತರಕಾರಿ ಕ್ರೇಟು ಅದರ ಮೇಲೆ. ನಮ್ಮ ಕಡೆ ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯೋರು ಯಾರು? ಹೆಂಗಸರು. ಬಕೆಟ್ಟು ನೀರು ಸಮೇತ ಹೂವು ಹೊತ್ಕೊಂಡು ಆ ತುದಿಯಿಂದ ಈ ತುದಿಗೆ ಬರೋರು ಯಾರು? ನಾವೇ. ಕೆಸರಲ್ಲಿ ಕೈಗಾಡಿ ತಳ್ಳೋಕಾಗಲ್ಲ. ಹಳೇ ಪಾಲಿಹೌಸು ಬಿಚ್ಚಿದ ಜಿಐ ಪೈಪು ಗುಜರೀಲಿ ಸಿಗ್ತೈತೆ. ಎರಡು ಪೈಪನ್ನ ಎರಡಡಿ ಅಗಲಕ್ಕೆ ಮಣೆಗಳ ಮೇಲೆ ಬಿಗಿದ್ರೆ ಅದೇ ಹಳಿ. ಅಚ್ಚು ಮತ್ತೆ ಕಮ್ಮಿ ಮಾಡಿಸಬೇಕು, ಪೈಪಿನ ಮೇಲೆ ಕೂರೋ ಹಂಗೆ ಚಕ್ರದ ನಡುವೆ ಹಳ್ಳ ಕೊರೆಸಬೇಕು, ಲೇತ್ ಅಂಗಡಿಯೋರಿಗೆ ಹುಡುಗನ ಮುಖ ಈಗ ಪರಿಚಯ ಐತೆ. ವೇಗ ನಡಿಗೆಯಷ್ಟು ಇದ್ರೆ ಸಾಕು. ಕೈ ಬಿಟ್ರೆ ನಿಲ್ಲೋ ಸ್ವಿಚ್ಚು ಇರಲೇಬೇಕು, ಸೆರಗು, ದುಪಟ್ಟ ಸಿಕ್ಕದಂಗೆ ಚೈನಿಗೆ ಮುಚ್ಚಳ ಹಾಕಬೇಕು. ಈ ಎರಡು ಮಾತನ್ನ ಗಂಡು ಹುಡುಗ್ರಿಗೆ ನಾವೇ ಹೇಳಬೇಕು, ಅವರಿಗೆ ಸೆರಗಿನ ಕಷ್ಟ ಹೊಳೆಯಲ್ಲ.

ಬ್ಯಾಟ್ರಿ ವಿಷಯ. ಗುಜರಿಯಿಂದ ತಂದ ಲಿಥಿಯಂ ಬ್ಯಾಟ್ರಿನ ಮನೆಯೊಳಗೆ ಚಾರ್ಜಿಗೆ ಹಾಕೋದು ಬೇಡ, ಅದೂ ರಾತ್ರಿ ಎಲ್ಲರೂ ಮಲಗಿರೋವಾಗ. ಹುಲ್ಲಿನ ಬಣವೆ, ಸೌದೆ, ಗ್ಯಾಸ್ ಸಿಲಿಂಡರಿನ ಹತ್ರಾನೂ ಬೇಡ. ಹೊರಗೆ, ಸಿಮೆಂಟು ನೆಲದ ಮೇಲೆ, ನೆರಳಲ್ಲಿ, ಯಾರಾದ್ರೂ ಎದ್ದಿರೋ ಹೊತ್ತಲ್ಲಿ. ಹೊಟ್ಟೆ ಉಬ್ಬಿದ ಬ್ಯಾಟ್ರಿ, ಮುಟ್ಟಿದ್ರೆ ಸುಡೋ ಬ್ಯಾಟ್ರಿ ಕಂಡ್ರೆ ಅದನ್ನ ಮತ್ತೆ ಚಾರ್ಜಿಗೆ ಹಾಕಲೇಬಾರದು, ಎಷ್ಟೇ ಕಾಸು ಕೊಟ್ಟಿರ್ಲಿ.

ಅಕ್ಕ ಸುತ್ತಿಗೆ ಕೆಳಗಿಟ್ಟವ್ಳೆ, ಆದ್ರೆ ಹಟ್ಟಿ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸ್ಕೊಂಡವ್ಳೆ. ಪಾಲಿಹೌಸು ಇರೋ ಮನೆಯೋರು ಯಾರಾದ್ರೂ ಇಪ್ಪತ್ತು ಅಡಿ ಪೈಪು ಹಾಕಿ ನೋಡೋಕೆ ಜಾಗ ಕೊಡ್ತೀರಾ? ಕೊಡೋರು ನನಗೆ ಹೇಳಿ, ಕೀಲಿಕೈ ಇಸ್ಕೊಂಡು ಬರೋ ಕೆಲಸ ನನ್ನದು.